ಅರಣ್ಯಶಾಸ್ತ್ರ ಪಟ್ಟಿಯ ಕೊನೆಯ ಹೆಸರಾಗಬಾರದು

ಸಿಇಟಿ ಫಲಿತಾಂಶ ಬಂದು ಸೀಟುಗಳ ಆಯ್ಕೆ ಪಟ್ಟಿ ತುಂಬುವ ದಿನಗಳಲ್ಲಿ, ಬೆಂಗಳೂರಿನ ನಮ್ಮ ಮನೆಗಳಲ್ಲಿ ಬಿ.ಎಸ್ಸಿ ಅರಣ್ಯಶಾಸ್ತ್ರ ಎಂಬುದು ಬೇರೆಲ್ಲವನ್ನೂ ಬರೆದು ಮುಗಿಸಿದ ಮೇಲೆ ನೆನಪಾಗುವ ಹೆಸರು. ಶಿರಸಿಯಲ್ಲೋ ಪೊನ್ನಂಪೇಟೆಯಲ್ಲೋ ಸೀಟು ಸಿಕ್ಕ ಮಕ್ಕಳಿಗೆ ಹಿರಿಯರು ಹೇಳುವ ಸಮಾಧಾನವೂ ಒಂದೇ: "ಹೋಗಲಿ ಬಿಡು, ಮುಂದೆ ಐಎಫ್‌ಎಸ್ ಪರೀಕ್ಷೆ ಬರೆಯಬಹುದು." ಭಾರತೀಯ ಅರಣ್ಯ ಸೇವೆಯ ಆ ಪರೀಕ್ಷೆಯ ಬಗ್ಗೆ ನನಗೆ ಗೌರವವಿದೆ, ಆದರೆ ನಾಲ್ಕು ವರ್ಷಗಳ ಓದನ್ನು ಒಂದು ಹುದ್ದೆಯ ಮೆಟ್ಟಿಲಾಗಿ ಮಾತ್ರ ಕಂಡರೆ ಆ ಓದಿನ ತಿರುಳೇ ಕೈತಪ್ಪುತ್ತದೆ.

ಶ್ರೀಗಂಧವನ್ನೇ ನೋಡಿ. ಅದು ಅರೆಪರಾವಲಂಬಿ ಮರ. ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಅಂಟಿಸಿ ನೀರನ್ನೂ ಪೋಷಕಾಂಶವನ್ನೂ ಹೀರಿಕೊಳ್ಳುತ್ತದೆ. ಎಳೆಯದರಲ್ಲಿ ಪಕ್ಕಕ್ಕೆ ತೊಗರಿ, ಬೆಳೆದಂತೆ ದೀರ್ಘಕಾಲ ಬಾಳುವ ಮತ್ತೊಂದು ಆಸರೆ ಮರ ಬೇಕು. 2001ರ ಕಾನೂನು ತಿದ್ದುಪಡಿಯ ನಂತರ ಜಮೀನಿನ ಮಾಲೀಕನೇ ತನ್ನ ಗಂಧದ ಮರದ ಒಡೆಯನಾದ. ಆದರೆ ಆಸರೆ ಗಿಡವಿಲ್ಲದೆ ಸಾಲಾಗಿ ಸಸಿ ನೆಟ್ಟ ರೈತನಿಗೆ ಅವು ಏಕೆ ಸೊರಗುತ್ತಿವೆ ಎಂದು ತೋಟದಲ್ಲೇ ನಿಂತು ವಿವರಿಸಬಲ್ಲವರು ಎಷ್ಟು ಮಂದಿ ಇದ್ದಾರೆ? ಮಲ್ಲೇಶ್ವರದಲ್ಲೇ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಗಂಧದ ಕುರಿತ ಸಂಶೋಧನೆ ಅಲ್ಲಿ ನಡೆಯುತ್ತಿದೆ ಎಂಬುದು ಅದೇ ರಸ್ತೆಯಲ್ಲಿ ಓಡಾಡುವ ಅನೇಕರಿಗೆ ತಿಳಿದಿಲ್ಲ.

ಈ ಓದು ಮರಕ್ಕೇ ಮುಗಿಯುವುದೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು, ಹಿಂದೆ ಬೇಸಿಗೆಯ ಆರಂಭದಲ್ಲಿ ನೆಲದ ಒಣ ಎಲೆಗಳಿಗೆ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಎಂಬ ಹೊರಗಿನಿಂದ ಬಂದ ಕಳೆಪೊದೆ ಕಾಡನ್ನು ಆವರಿಸಿತು ಎನ್ನುತ್ತಾರೆ. ಈ ಮಾತನ್ನು ಪ್ರಯೋಗಾಲಯದ ವರದಿಯಷ್ಟೇ ಗಂಭೀರವಾಗಿ ಪರಿಶೀಲಿಸಲು ಕಲಿಸದ ಪಠ್ಯ ಅಪೂರ್ಣ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತಿರುವುದರಿಂದ, ಅವರನ್ನು ಕೇಳದೆ ಆ ಕಾಡಿನ ನಿರ್ವಹಣೆಯ ಯೋಜನೆ ಬರೆಯುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.

ಇನ್ನು ನಮ್ಮ ಊರಿನ ವಿಷಯ. ಮುಂಗಾರು ಪೂರ್ವದ ಮೊದಲ ಗಾಳಿಮಳೆಗೇ ಬೀದಿಯ ಮರಗಳು ಬುಡಸಮೇತ ಉರುಳುತ್ತವೆ. ಬಿದ್ದ ಮರದ ಬುಡವನ್ನು ಬಗ್ಗಿ ನೋಡಿದರೆ, ಚರಂಡಿಯ ಕಡೆಯ ಬೇರುಗಳನ್ನು ಕತ್ತರಿಸಿದ ಗುರುತು ಎಷ್ಟೋ ಸಲ ಕಾಣುತ್ತದೆ. ಕಾಂಡಕ್ಕೆ ತಾಗುವಂತೆ ಕಾಂಕ್ರೀಟ್ ಸುರಿದಿರುತ್ತಾರೆ. ಒಂದೇ ಕಡೆಯ ಕೊಂಬೆ ಕಡಿದರೆ ಭಾರ ಎತ್ತ ವಾಲುತ್ತದೆ, ಕಾಂಡದೊಳಗೆ ಕೊಳೆತಿರುವುದನ್ನು ಹೊರಗಿನಿಂದ ಹೇಗೆ ಗುರುತಿಸಬೇಕು ಎಂಬುದನ್ನು ಕಲಿತ ಪದವೀಧರರು ಪ್ರತಿ ವಾರ್ಡಿಗೂ ಬೇಕು. ರಸ್ತೆ ಅಗೆಯುವ ಮುನ್ನ ಅವರ ಸಹಿ ಕಡ್ಡಾಯವಾಗಬೇಕು, ಆ ಹುದ್ದೆಗಳು ಗುತ್ತಿಗೆಯವಾಗದೆ ಕಾಯಂ ಆಗಿರಬೇಕು.