ಅಜ್ಜಿಯ ಬೋರಮಾಳ, ಅಂಗಡಿಯ ಆಂಟಿಕ್ ಕೌಂಟರ್

ಹೋದ ತಿಂಗಳು ಅವ್ವನ ಜೊತೆ ಹುಬ್ಬಳ್ಳಿಯ ಒಂದು ಬಂಗಾರದ ಅಂಗಡಿಗೆ ಹೋಗಿದ್ದೆ. ತಂಗಿಯ ಮದುವೆ ಹತ್ತಿರ ಬಂದಿದೆ. ರೇಟ್ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಅಜ್ಜಿಯ ಬೋರಮಾಳ ಕೊಟ್ಟು ಹೊಸ ನೆಕ್ಲೆಸ್ ತರೋಣ ಅಂತ ಮನೆಯಲ್ಲಿ ಲೆಕ್ಕ ಹಾಕಿದ್ದೆವು.

ಕೌಂಟರಿನ ಹುಡುಗ ಸರವನ್ನು ತೂಕಕ್ಕೆ ಹಾಕಿದ. "ಒಳಗೆಲ್ಲಾ ಅರಗು ಐತ್ರೀ. ಕರಗಿಸಿದ ಮೇಲೇ ಖರೇ ತೂಕ ಗೊತ್ತಾಗೋದು" ಅಂದ. ಅಜ್ಜಿಯೇ ಏನೋ ಮೋಸ ಮಾಡಿದ್ದಾಳೆ ಅನ್ನೋ ಹಾಗಿತ್ತು ಅವನ ದನಿ.

ಮೋಸ ಅಲ್ರೀ ಅದು, ಕಸುಬು. ಬೋರೆಹಣ್ಣಿನಂಥ ಗುಂಡುಗಳ ಸರ ಅದು. ಬಂಗಾರದ ತೆಳು ತಗಡನ್ನು ಗುಂಡು ಮಾಡಿ, ನೆಗ್ಗದಿರಲಿ ಅಂತ ಒಳಗೆ ಅರಗು ತುಂಬುತ್ತಾರೆ. ಬಂಗಾರ ಕಡಿಮೆ ಇದ್ದರೂ ಕೊರಳು ತುಂಬಿ ಕಾಣಬೇಕಲ್ಲ! ಕೊಡಗಿನ ಜೋಮಾಲೆಯೂ ಹೀಗೇ. ಬಡವರ ಮನೆಯ ಹೆಣ್ಣುಮಕ್ಕಳೂ ಮದುವೆಯಲ್ಲಿ ತಲೆಯೆತ್ತಿ ನಿಲ್ಲಲಿ ಅಂತ ಪತ್ತಾರರು, ಅಂದರೆ ಅಕ್ಕಸಾಲಿಗರು, ಮಾಡಿದ ಉಪಾಯ ಅಂತಲೇ ನಾನು ಅಂದುಕೊಂಡಿದ್ದೇನೆ. ನಾವೋ, "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ" ಅಂತ ಗಾದೆ ಕಟ್ಟಿಕೊಂಡು ಕೂತವರು.

ನಮ್ಮ ಕಡೆ ಬಂಗಾರದ ಹುಚ್ಚು ನಿನ್ನೆ ಮೊನ್ನೆಯದಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು 2000 ವರ್ಷ ಹಿಂದೆಯೇ ಗಣಿ ತೋಡಿದ್ದರು. ಇವತ್ತಿಗೂ ಅಲ್ಲಿ ಬಂಗಾರ ತೆಗೆಯುತ್ತಾರೆ. ಅದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಬಂಗಾರ ಹುಡುಕಲು ಹೋಗಿದ್ದ. ಸಿಕ್ಕಿದ್ದು ಅಶೋಕನ ಹೆಸರಿರುವ ಶಾಸನ! ಇಷ್ಟು ಹಳೆಯ ನಂಟು. ಆದರೂ ನಿಮ್ಮ ಮನೆಯಲ್ಲಿ ನೂರು ವರ್ಷ ಹಳೆಯ ಒಡವೆ ಎಷ್ಟಿದೆ ಹೇಳಿ?

ಬೇಲೂರು, ಹಳೇಬೀಡಿಗೆ ಹೋದಾಗ ನೋಡಿ. ಡಾಬು, ತೋಳಬಂದಿ, ಕಿವಿಯೋಲೆ, ಕೊರಳಿಗೆ ಮೂರು ನಾಲ್ಕು ಎಳೆ, ಎಲ್ಲಾ ಕಲ್ಲಿನಲ್ಲಿ ಉಳಿದಿವೆ. ಅಂಥದ್ದನ್ನು ನಿಜವಾಗಿ ಹಾಕಿಕೊಂಡವರ ಬಂಗಾರ ಕರಗಿ ನಾಣ್ಯವಾಯಿತೋ, ಯಾರ ಬಳೆಯಾಯಿತೋ. ತುಕ್ಕು ಹಿಡಿಯದ್ದು, ಎಷ್ಟು ಸಲ ಕರಗಿಸಿದರೂ ಬಂಗಾರವಾಗಿಯೇ ಉಳಿಯುವುದು. ಅದಕ್ಕೇ ನಮಗೆ ಇಷ್ಟ. ಅದಕ್ಕೇ ಹಳೆಯ ಒಡವೆ ಉಳಿಯುವುದೂ ಇಲ್ಲ.

ಕಷ್ಟಕ್ಕೆ ಮಾರುವುದನ್ನು ನಾನು ತಪ್ಪು ಅನ್ನಲ್ಲ. ಅಜ್ಜಿಯೇ ಬಿತ್ತನೆ ಬೀಜಕ್ಕೆ, ಮಾವನ ಆಪರೇಷನ್ನಿಗೆ ಅಂತ ಇದೇ ಸರವನ್ನು ಎಷ್ಟೋ ಸಲ ಅಡ ಇಟ್ಟಿದ್ದಳು. ಸುಗ್ಗಿ ಮುಗಿದ ಮೇಲೆ ಬಿಡಿಸಿಕೊಂಡು ಬರುತ್ತಿದ್ದಳು. ಬ್ಯಾಂಕಿನ ಪಾಸ್‌ಬುಕ್ ಗಂಡನ ಹೆಸರಲ್ಲಿತ್ತು, ಹೊಲವೂ ಅವನದೇ. ಅವಳದು ಅಂತ ಇದ್ದದ್ದು ಕೊರಳಲ್ಲಿದ್ದದ್ದು ಮಾತ್ರ. ಸುಮ್ನೆ ಶೋಕಿ ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ನನ್ನ ಜಗಳ ಈ ಎಕ್ಸ್‌ಚೇಂಜ್ ಜೊತೆ. ಹಳೆಯದರಲ್ಲಿ ಅರಗು ಕಳೆಯುತ್ತಾರೆ, 916 ಇಲ್ಲ ಅಂತ ಮತ್ತೆ ಕಳೆಯುತ್ತಾರೆ. 916 ಅಂದರೆ 1000ಕ್ಕೆ 916 ಪಾಲು ಶುದ್ಧ ಬಂಗಾರ, ನಾವು ಹೇಳೋ 22 ಕ್ಯಾರೆಟ್. ಹಾಲ್‌ಮಾರ್ಕ್ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಅಜ್ಜಿಯ ಕಾಲದ ಪತ್ತಾರನ ಕೂಲಿ ಬಿಲ್ಲಿನಲ್ಲಿ ಸೊನ್ನೆ. ಹೊಸದಕ್ಕೆ ಮಾತ್ರ ವೇಸ್ಟೇಜ್, ಮೇಕಿಂಗ್ ಚಾರ್ಜ್, ಮೇಲೆ 3% ಜಿಎಸ್‌ಟಿ. ಹಳೆಯ ಕೈಗೆ ಬೆಲೆ ಇಲ್ಲ, ಹೊಸ ಮಷಿನ್ನಿಗೆ ಜಾಸ್ತಿ ಬೆಲೆ. ಯಾವ ನ್ಯಾಯ ಇದು?

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸರ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. "ನಡಿ, ಪಟವೇಗಾರನ ಹತ್ರ ಹೊಸ ದಾರಕ್ಕೆ ಪೋಣಿಸಿಸೋಣ, ಹುಡುಗಿ ಇದನ್ನೇ ಹಾಕ್ಕೊಳ್ಳಲಿ" ಅಂದಳು.

ಹೊರಗೆ ಬರುವಾಗ ಬಾಗಿಲ ಹತ್ತಿರದ ಕೌಂಟರ್ ಕಣ್ಣಿಗೆ ಬಿತ್ತು. ಮೇಲೆ 'ಆಂಟಿಕ್ ಕಲೆಕ್ಷನ್' ಅಂತ ಬೋರ್ಡು. ಒಳಗೆ ಮಂಕು ಬಣ್ಣ ಕೊಟ್ಟು ಹಳೆಯದರ ಹಾಗೆ ಮಾಡಿದ ಹೊಚ್ಚ ಹೊಸ ಬೋರಮಾಳ.