ಪಾಠ ಕೇಳೋಕೆ ಎಂಥ ಪ್ಲೇಯರ್ ಬೇಕು

ಲೆಕ್ಚರ್ ಕೇಳೋಕೆ ಒಂದು ಒಳ್ಳೆ ಪ್ಲೇಯರ್ ಹೇಳಿ ಅಂತ ಯಾರಾದ್ರೂ ಕೇಳಿದ್ರೆ ಸಾಕು, ಉತ್ತರ ಕೊಡೋರೆಲ್ಲ ಸೌಂಡ್ ಕ್ವಾಲಿಟಿಯಿಂದಲೇ ಶುರು ಮಾಡ್ತಾರೆ. ಬೇಸ್ ಹೇಗಿದೆ, ದನಿಯ ಗುಣ ಕಳೆಯದಂಗೆ ಇಡೋ ಫ್ಲ್ಯಾಕ್ ಫೈಲ್ ಓಡುತ್ತಾ, ಈಕ್ವಲೈಜರಲ್ಲಿ ಎಷ್ಟು ಬ್ಯಾಂಡ್ ಇದೆ ಅಂತ. ಮೇಷ್ಟ್ರು ಥರ್ಮೋಡೈನಮಿಕ್ಸ್ ಪಾಠ ಮಾಡೋವಾಗ ಬೇಸ್ ಕಟ್ಕೊಂಡು ಏನ್ ಮಾಡೋದು ಸ್ವಾಮಿ? ಕ್ಲಾಸ್‌ರೂಮಲ್ಲಿ ಮೂಲೆಯಲ್ಲಿಟ್ಟ ಮೈಕಲ್ಲಿ ರೆಕಾರ್ಡ್ ಆಗಿರೋ ದನಿ ಅದು, ಫ್ಯಾನಿನ ಸದ್ದು, ಕುರ್ಚಿ ಎಳೆಯೋ ಸದ್ದು ಎಲ್ಲಾ ಸೇರಿರುತ್ತೆ, ಎಷ್ಟೇ ದುಬಾರಿ ಪ್ಲೇಯರಿಗೆ ಹಾಕಿದ್ರೂ ಅದು ಹಾಗೇ ಕೇಳೋದು.

ನನ್ ಪ್ರಕಾರ ಪಾಠದ ಪ್ಲೇಯರಿಗೆ ಎಲ್ಲಕ್ಕಿಂತ ಮೊದಲು ಇರಲೇಬೇಕಾದ ಗುಣ ಅಂದ್ರೆ, ಎಲ್ಲಿಗೆ ನಿಲ್ಸಿದ್ವಿ ಅನ್ನೋದು ಅದಕ್ಕೆ ನೆನಪಿರಬೇಕು. ಹಾಡಾದ್ರೆ ನಾಲ್ಕೈದು ನಿಮಿಷ, ಮತ್ತೆ ಮೊದಲಿಂದ ಬಂದ್ರೂ ನಷ್ಟ ಏನಿಲ್ಲ. ಐವತ್ತು ನಿಮಿಷದ ಪಾಠದಲ್ಲಿ 38ನೇ ನಿಮಿಷಕ್ಕೆ ಆಫ್ ಮಾಡಿ, ಸಂಜೆ ಆನ್ ಮಾಡಿದ್ರೆ ಅದು ಫೋಲ್ಡರಿನ ಮೊದಲನೇ ಫೈಲಿನ ಸೊನ್ನೆ ನಿಮಿಷಕ್ಕೆ ಹೋಗಿ ಕೂತಿರುತ್ತೆ. ಆಮೇಲೆ ಫಾರ್ವರ್ಡ್ ಬಟನ್ ಒತ್ತಿ ಹಿಡ್ಕೊಂಡು ನಿಂತ್ಕೋಬೇಕು, ಮೊದಲು ನಿಧಾನಕ್ಕೆ ಹೋಗುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಓಡೋಕೆ ಶುರು ಮಾಡುತ್ತೆ, ಬೆರಳು ತೆಗೆಯೋಷ್ಟರಲ್ಲಿ 38 ದಾಟಿ 45ಕ್ಕೆ ಹೋಗಿರುತ್ತೆ, ಹಿಂದೆ ಬರೋಣ ಅಂತ ಬ್ಯಾಕ್ ಬಟನ್ನನ್ನ ಸ್ವಲ್ಪ ಮೆತ್ತಗೆ ಒತ್ತಿಬಿಟ್ರೆ ಮತ್ತೆ ಫೈಲಿನ ಶುರುವಿಗೆ! ಎರಡು ಸಲ ಹಿಂಗಾದ್ರೆ ಸಾಕು, ಮೂರನೇ ಸಲ ಪಾಠನೂ ಬೇಡ ಪ್ಲೇಯರೂ ಬೇಡ ಅನ್ಸುತ್ತೆ.

ತಮಾಷೆ ಅಂದ್ರೆ ಕ್ಯಾಸೆಟ್ ಕಾಲದಲ್ಲಿ ಈ ತಾಪತ್ರಯನೇ ಇರ್ಲಿಲ್ಲ. ಸೋನಿಯವರ ವಾಕ್‌ಮನ್ 1979ರಲ್ಲಿ ಬಂತು, ಅದರಲ್ಲಿ ಮೆಮೊರಿ ಅನ್ನೋದೇ ಇಲ್ಲ, ಆದ್ರೂ ಟೇಪ್ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಶುರು. ಆ ಕ್ಯಾಸೆಟ್ ತೆಗೆದು ಬೇರೆಯವರ ಟೇಪ್ ರೆಕಾರ್ಡರಿಗೆ ಹಾಕಿದ್ರೂ ಅಲ್ಲಿಂದಲೇ. 1998ರಲ್ಲಿ ಡೈಮಂಡ್ ರಿಯೋ ಅಂತ ಎಂಪಿ3 ಪ್ಲೇಯರ್ ಬಂತು, ಅದರಲ್ಲಿದ್ದ ಜಾಗ 32 ಎಂಬಿ, ಅಂದ್ರೆ ಕಷ್ಟಪಟ್ಟು ಒಂದು ಲೆಕ್ಚರ್ ಹಿಡಿಸ್ತಿತ್ತು. ಅಲ್ಲಿಂದ ಈಚೆಗೆ ಜಾಗ ಸಾವಿರಪಟ್ಟು ಜಾಸ್ತಿ ಆಯ್ತು, ಆದ್ರೆ ಈ ಪ್ಲೇಯರ್‌ಗಳನ್ನ ಮಾಡಿದವರ ತಲೇಲಿ ಇದ್ದಿದ್ದು ಹಾಡು ಮಾತ್ರ, ಪಾಠ ಅಲ್ಲ. ಅದಕ್ಕೇ ಈಗ್ಲೂ ಎಷ್ಟೋ ಅಗ್ಗದ ಪ್ಲೇಯರ್‌ಗಳಲ್ಲಿ ಶಫಲ್ ಬಟನ್ ಎದ್ದು ಕಾಣುತ್ತೆ, ನಿಲ್ಸಿದ ಜಾಗ ಗುರುತಿಡೋ ಬುಕ್‌ಮಾರ್ಕ್ ಅನ್ನೋದು ಮೆನುವಿನ ಯಾವುದೋ ಮೂಲೆಯಲ್ಲಿ ಇದ್ರೂ ಇತ್ತು ಇಲ್ದಿದ್ರೂ ಇಲ್ಲ. ಮೂರನೇ ಪಾಠ ಆದ್ಮೇಲೆ ಹನ್ನೊಂದನೇ ಪಾಠ ಹಾಕೋ ಶಫಲ್ ಯಾರಿಗೆ ಬೇಕೋ ಗೊತ್ತಿಲ್ಲ.

ಎರಡನೇದು ಸ್ಪೀಡ್. ಇದು ಹೊರನಾಡಲ್ಲಿರೋ ನಮ್ಮಂಥವರಿಗೆ ಸ್ವಲ್ಪ ಬೇರೆ ಥರ ತಟ್ಟುತ್ತೆ. ಇಲ್ಲಿ ನನ್ ಜೊತೆ ಓದೋರು ಇಲ್ಲೇ ಹುಟ್ಟಿ ಬೆಳೆದವರು, ಲೆಕ್ಚರ್ ನಡೆಯೋದು ಅವರ ಮನೆಮಾತಲ್ಲೇ, ಅವರು ಎಲ್ಲಾನೂ 1.75 ಪಟ್ಟು ಸ್ಪೀಡಲ್ಲಿ ಹಾಕ್ಕೊಂಡು ಮುಗಿಸಿ ಎದ್ದು ಹೋಗ್ತಾರೆ. ನಾನು ಅದೇ ಲೆಕ್ಚರನ್ನ 0.85ಕ್ಕೆ ಇಳಿಸ್ಕೊಂಡು ಕೇಳೋದು. ವಿಷಯ ಕಷ್ಟ ಅಂತಲ್ಲ, ಆ ಉಚ್ಚಾರ ಕಿವಿಯಿಂದ ತಲೆಗೆ ಹೋಗೋಕೆ ಒಂಚೂರು ಹೊತ್ತು ಹಿಡಿಯುತ್ತೆ ಅಷ್ಟೇ. ಅದೇ ಕನ್ನಡದಲ್ಲಿ ಯಾರಾದ್ರೂ ಪಾಠ ಮಾಡಿರೋದು ಸಿಕ್ಕಿದ್ರೆ ನಾನೂ 1.5ರಲ್ಲಿ ಆರಾಮಾಗಿ ಓಡಿಸ್ತೀನಿ. ಹಾಗಾಗಿ ಸ್ಪೀಡ್ ಇದೆ ಅಂತ ಡಬ್ಬದ ಮೇಲೆ ಬರ್ದಿದ್ರೆ ಸಾಲದು, ಒಂದಕ್ಕಿಂತ ಕಮ್ಮಿಗೂ ಹೋಗುತ್ತಾ ನೋಡ್ಬೇಕು, ಒಂದೊಂದು ಫೈಲಿಗೋ ಫೋಲ್ಡರಿಗೋ ಬೇರೆ ಬೇರೆ ಸ್ಪೀಡ್ ನೆನಪಿಡುತ್ತಾ ಅಂತಲೂ ನೋಡ್ಬೇಕು, ಇಲ್ಲಾಂದ್ರೆ ದಿನಾ ಬೆಳಗ್ಗೆ ಅದನ್ನ ಏರ್ಸೋದು ಇಳ್ಸೋದೇ ಕೆಲಸ ಆಗುತ್ತೆ. ಇನ್ನೊಂದು, ಸ್ಪೀಡ್ ಜಾಸ್ತಿ ಮಾಡಿದಾಗ ದನಿಯ ಶ್ರುತಿ ಏರಬಾರ್ದು. ಬರೀ ಟೇಪನ್ನ ಜೋರಾಗಿ ಓಡಿಸಿದಂಗೆ ಮಾಡಿದ್ರೆ ಗಂಭೀರವಾದ ಪ್ರೊಫೆಸರೂ ಕೀಚಲು ದನಿಯಲ್ಲಿ ಕಿರುಚಿದಂಗೆ ಕೇಳುತ್ತೆ. ಶ್ರುತಿ ಹಾಗೇ ಇಟ್ಟು ವೇಗ ಮಾತ್ರ ಬದಲಾಯಿಸ್ಬೇಕು ಅಂದ್ರೆ ದನಿಯನ್ನ ಸಣ್ಣ ಸಣ್ಣ ತುಂಡು ಮಾಡಿ ಒಂದರ ಮೇಲೊಂದು ಅಂಚು ಸೇರಿಸಿ ಜೋಡಿಸ್ಬೇಕು, ಅದಕ್ಕೆ ಪ್ಲೇಯರೊಳಗಿನ ಚಿಪ್‌ಗೆ ಸ್ವಲ್ಪ ಲೆಕ್ಕ ಮಾಡೋ ಶಕ್ತಿ ಬೇಕು, ತೀರಾ ಅಗ್ಗದ ಪ್ಲೇಯರಲ್ಲಿ ಇದನ್ನ ನಿರೀಕ್ಷೆ ಮಾಡೋಕೇ ಹೋಗ್ಬೇಡಿ.

ಈಗ ಫೋನಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇಷ್ಟು ಓದಿದವರು ಇದೆಲ್ಲ ಫೋನಲ್ಲೇ ಇದೆಯಲ್ಲಪ್ಪ ಅಂತಾರೆ. ಕರ್ನಾಟಕದಲ್ಲೇ ಇರೋ ನನ್ ತಂಗಿನೂ ಅದನ್ನೇ ಅನ್ನೋದು, ಅವಳೂ ಪರೀಕ್ಷೆಗೆ ಓದ್ತಿದ್ದಾಳೆ, "ಅಣ್ಣಾ, ಕೈಯಲ್ಲಿ ಫೋನಿರೋವಾಗ ಇನ್ನೊಂದು ಡಬ್ಬ ಯಾಕೆ ಹೊರ್ತೀಯ" ಅಂತ. ಅವಳು ಹೇಳೋದು ಸುಳ್ಳಲ್ಲ. ವಿಎಲ್‌ಸಿ ಅನ್ನೋ ಪ್ಲೇಯರ್ ಆ್ಯಪಲ್ಲಿ ನಿಲ್ಸಿದ ಜಾಗ ನೆನಪಿರುತ್ತೆ, ಸ್ಪೀಡ್ ಬೇಕಾದಂಗೆ ಬದಲಾಯಿಸ್ಬಹುದು, ಆಂಟೆನಾಪಾಡ್ ಥರದ ಪಾಡ್‌ಕಾಸ್ಟ್ ಆ್ಯಪಲ್ಲಿ ನಮ್ಮದೇ ಫೋಲ್ಡರ್ ಸೇರಿಸ್ಕೊಂಡು ಪಾಠಗಳನ್ನ ಸಾಲಾಗಿ ಕೇಳ್ಬಹುದು. ಆದ್ರೆ ಅವಳು ಕೇಳೋ ರೀತಿನೇ ಬೇರೆ. ಮೇಜಿನ ಮುಂದೆ ಕೂತು, ನೋಟ್ಸ್ ಬರ್ಕೊಂಡು, ಫೋನ್ ಎದುರಿಗೆ ನಿಲ್ಲಿಸ್ಕೊಂಡು ಕೇಳ್ತಾಳೆ. ನಾನು ನಡ್ಕೊಂಡು ಹೋಗ್ತಾ, ಪಾತ್ರೆ ತೊಳೀತಾ ಕೇಳೋನು. ನನಗೆ ಬೇಕಿರೋದು ಜೇಬೊಳಗೆ ಕೈ ಹಾಕಿ ತಡವಿದ್ರೆ ಸಿಗೋ ಬಟನ್ನು, ಹತ್ತು ಸೆಕೆಂಡ್ ಹಿಂದೆ ಹೋಗೋಕೆ ಒಂದು ಬಟನ್ನು. ಟಚ್ ಸ್ಕ್ರೀನಿಗೆ ಒದ್ದೆ ಕೈ ಅಂದ್ರೆ ಆಗಲ್ಲ. ಹತ್ತು ಸೆಕೆಂಡಿಗೆ ಅಂತ ಜೇಬಿಂದ ಹೊರಗೆ ತೆಗೆದ ಫೋನು ವಾಟ್ಸಾಪಲ್ಲಿ ಹತ್ತು ನಿಮಿಷ ನುಂಗಿ ವಾಪಸ್ ಜೇಬಿಗೆ ಹೋಗುತ್ತೆ, ಅಷ್ಟು ಹೊತ್ತೂ ಮೇಷ್ಟ್ರು ಕಿವೀಲಿ ಒಬ್ರೇ ಮಾತಾಡ್ಕೊಂಡಿರ್ತಾರೆ.

ಹಾಗಂತ ಹೊಸ ಪ್ಲೇಯರ್ ತಗೊಳ್ಳಿ ಅಂತ ಎಲ್ಲರಿಗೂ ಹೇಳಲ್ಲ. ಮೂಲೆಯಲ್ಲಿ ಬಿದ್ದಿರೋ ಹಳೇ ಫೋನಿದ್ರೆ, ಬ್ಯಾಟರಿ ಉಬ್ಬಿಲ್ಲ ಅಂದ್ರೆ, ಅದೇ ಮೊದಲನೇ ಆಯ್ಕೆ. ಸಿಮ್ ತೆಗೀರಿ, ಏರೋಪ್ಲೇನ್ ಮೋಡ್ ಹಾಕಿ, ಒಂದೇ ಒಂದು ಆ್ಯಪ್ ಬಿಟ್ಟು ಮಿಕ್ಕಿದ್ದೆಲ್ಲ ಕಿತ್ತುಹಾಕಿ. ವಾಲ್ಯೂಮ್ ಬಟನ್ ಹೇಗೂ ಇರುತ್ತೆ, ಹಿಂದೆ ಮುಂದೆ ಹೋಗೋಕೆ ಹೆಡ್‌ಫೋನ್ ಮೇಲಿರೋ ಬಟನ್ನನ್ನ ಆ್ಯಪಲ್ಲಿ ಹೊಂದಿಸ್ಕೋಬಹುದು.

ಅದು ಬೇಡ, ಸಣ್ಣದೇ ಬೇಕು ಅನ್ನೋರು ಹಾಡಿನ ಪ್ಲೇಯರ್ ಸಾಲಿಗೆ ಹೋಗೋ ಮೊದಲು ವಾಯ್ಸ್ ರೆಕಾರ್ಡರ್‌ಗಳನ್ನ ಒಂದ್ಸಲ ನೋಡಿ. ಇದನ್ನ ಯಾರೂ ಹೇಳಲ್ಲ, ನನಗೆ ಅದೇ ಆಶ್ಚರ್ಯ. ಸೋನಿ, ಒಲಿಂಪಸ್ ರೆಕಾರ್ಡರ್‌ಗಳು ಮಾತು ಕೇಳೋಕೆ, ಕೇಳಿ ಬರೆಯೋಕೆ ಅಂತಲೇ ಮಾಡಿದ್ದು, ಅವುಗಳಲ್ಲಿ ಶ್ರುತಿ ಕೆಡದಂಗೆ ನಿಧಾನ ಜೋರು ಮಾಡೋದಿದೆ, ಎರಡು ಜಾಗ ಗುರುತು ಮಾಡಿ ನಡುವಿನ ತುಂಡನ್ನೇ ಮತ್ತೆ ಮತ್ತೆ ಕೇಳೋ ಎ-ಬಿ ರಿಪೀಟ್ ಇದೆ, ಗಟ್ಟಿ ಬಟನ್‌ಗಳಿವೆ, ಎಂಪಿ3 ಫೈಲನ್ನೂ ಓಡಿಸ್ತವೆ. ಕಣ್ಣು ಕಾಣದವರಿಗಾಗಿ ಡೈಸಿ ಅಂತ ಒಂದು ಮಾದರಿಯ ಪುಸ್ತಕಗಳಿವೆ, ಅವುಗಳನ್ನ ಓದಿ ಹೇಳೋ ವಿಕ್ಟರ್ ರೀಡರ್ ಸ್ಟ್ರೀಮ್ ಥರದ ಪ್ಲೇಯರ್‌ಗಳೂ ಇವೆ. ಪಾಠ ಕೇಳೋನಿಗೆ ಏನೇನು ಬೇಕೋ ಅಂದ್ರೆ ಬುಕ್‌ಮಾರ್ಕು, ಸ್ಪೀಡು, ನೋಡದೇ ಒತ್ತೋ ಬಟನ್ನು ಎಲ್ಲಾ ಅವುಗಳಲ್ಲಿದೆ, ಬೆಲೆ ಮಾತ್ರ ಕೈಗೆಟುಕೋದಲ್ಲ. ಕೈಯಲ್ಲಿ ಹಳೇ ಐಪಾಡ್ ಕ್ಲಾಸಿಕ್ಕೋ ಸ್ಯಾನ್‌ಡಿಸ್ಕ್ ಕ್ಲಿಪ್ ಪ್ಲಸ್ಸೋ ಇದ್ರೆ ರಾಕ್‌ಬಾಕ್ಸ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ಕೊಂಡ್ರೆ ಅದಕ್ಕೂ ಬುಕ್‌ಮಾರ್ಕು, ಸ್ಪೀಡು ಬರುತ್ತೆ, ಸ್ವಲ್ಪ ಕೈಯಾಡಿಸೋ ಧೈರ್ಯ ಇರೋರಿಗೆ ಒಳ್ಳೇದು.

ಜಾಗದ ಬಗ್ಗೆ ತಲೆ ಕೆಡಿಸ್ಕೋಬೇಡಿ. ಮಾತಿಗೆ 64 ಕೆಬಿಪಿಎಸ್ ಬಿಟ್‌ರೇಟ್ (ಸೆಕೆಂಡಿಗೆ 64 ಕಿಲೋಬಿಟ್), ಅದೂ ಮೋನೋ, ಅಂದ್ರೆ ಎರಡೂ ಕಿವಿಗೆ ಒಂದೇ ದನಿ, ಇದ್ರೆ ಧಾರಾಳ, ಗಂಟೆಗೆ ಸುಮಾರು 29 ಎಂಬಿ. ಒಂದು ಸಬ್ಜೆಕ್ಟಿಗೆ ಐವತ್ತು ನಿಮಿಷದ 40 ಲೆಕ್ಚರ್ ಅಂದ್ಕೊಂಡ್ರೂ 1 ಜಿಬಿ ಒಳಗೇ ಮುಗೀತು. ಮೋನೋ ಮಾಡೋದ್ರಲ್ಲಿ ಇನ್ನೊಂದು ಲಾಭ ಇದೆ, ಎಷ್ಟೋ ಕ್ಲಾಸ್‌ರೂಮ್ ರೆಕಾರ್ಡಿಂಗಲ್ಲಿ ದನಿ ಎಡಗಡೆ ಮಾತ್ರ ಇರುತ್ತೆ, ನೀವು ಬಲಗಿವಿಗೆ ಒಂದೇ ಇಯರ್‌ಫೋನ್ ಹಾಕ್ಕೊಂಡಿದ್ರೆ ಬರೀ ಗಾಳಿ. ಆಡಾಸಿಟಿ ಅನ್ನೋ ಆಡಿಯೋ ತಿದ್ದೋ ಸಾಫ್ಟ್‌ವೇರಲ್ಲಿ ಒಂದ್ಸಲ ಮೋನೋ ಮಾಡ್ಕೊಂಡ್ರೆ ಆ ತಲೆನೋವು ಹೋಗುತ್ತೆ. ಬಿಟ್‌ರೇಟ್ ಏರಿಳಿಯೋ ವಿಬಿಆರ್ ಬೇಡ, ಒಂದೇ ಸಮ ಇರೋದನ್ನೇ ಆರಿಸ್ಕೊಳ್ಳಿ, ಯಾಕಂದ್ರೆ ವಿಬಿಆರ್ ಫೈಲಿದ್ರೆ ಸಣ್ಣ ಪ್ಲೇಯರ್‌ಗಳು ಸಮಯವನ್ನ ತಪ್ಪು ತಪ್ಪಾಗಿ ತೋರಿಸ್ತವೆ.

ಫೈಲ್ ಹೆಸರಿನ ಗೋಳು ಬೇರೆನೇ ಇದೆ. 1, 2, 3 ಅಂತ ಹೆಸರಿಟ್ರೆ ಪ್ಲೇಯರ್ 1 ಆದ್ಮೇಲೆ 10, 11 ಹಾಕಿ ಆಮೇಲೆ 2ಕ್ಕೆ ಬರುತ್ತೆ, 01, 02 ಅಂತಲೇ ಇಡ್ಬೇಕು. ಕೆಲವಂತೂ ಹೆಸರನ್ನ ನೋಡೋದೇ ಇಲ್ಲ, ಕಾರ್ಡಿಗೆ ಯಾವ ಸಾಲಲ್ಲಿ ಕಾಪಿ ಮಾಡಿದ್ರೋ ಅದೇ ಸಾಲಲ್ಲಿ ಓಡಿಸ್ತವೆ. ಇನ್ನು ಕನ್ನಡದಲ್ಲಿ ಹೆಸರಿಡೋ ಆಸೆ ನಮಗಿರುತ್ತೆ, ಆದ್ರೆ ಸಣ್ಣ ಪ್ಲೇಯರಲ್ಲಿ ಅದು ಚೌಕ ಚೌಕ ಡಬ್ಬಗಳಾಗಿ ಕಾಣೋದೇ ಜಾಸ್ತಿ, ಅಕ್ಷರ ಬಂದ್ರೂ ಒತ್ತಕ್ಷರ ಎಲ್ಲೋ ಬೇರೆ ಕಡೆ ಹೋಗಿ ಕೂತಿರುತ್ತೆ. ಇಲ್ಲಿ ಮಾತ್ರ ಸೋತು ಇಂಗ್ಲಿಷ್ ಅಕ್ಷರದಲ್ಲೇ ಹೆಸರು ಬರೀತೀನಿ. ಕಾರ್ಡ್ ಹಾಕೋ ಪ್ಲೇಯರಾದ್ರೆ 32 ಜಿಬಿ ಒಳಗಿನದೇ ತಗೊಳ್ಳಿ, ಅದಕ್ಕಿಂತ ದೊಡ್ಡ ಕಾರ್ಡು ಎಕ್ಸ್‌ಫ್ಯಾಟ್ ಅನ್ನೋ ರೀತಿಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತೆ, ಹಳೇ ಪ್ಲೇಯರ್‌ಗಳಿಗೆ ಅದು ಅರ್ಥ ಆಗಲ್ಲ.

ಎಲ್ಲಾ ಪಾಠನೂ ಕಿವಿಗೆ ಒಗ್ಗಲ್ಲ ಅನ್ನೋದನ್ನೂ ಹೇಳ್ಬೇಕು. ಐಐಟಿಗಳ ಉಚಿತ ಪಾಠಗಳಿರೋ ಎನ್‌ಪಿಟೆಲ್ ಆಗ್ಲಿ ಅಮೆರಿಕದ ಎಂಐಟಿಯವರ ಓಪನ್‌ಕೋರ್ಸ್‌ವೇರ್ ಆಗ್ಲಿ, ವಿಡಿಯೋದಿಂದ ಆಡಿಯೋ ಮಾತ್ರ ತೆಗೆದು ಕೇಳಿದ್ರೆ ಇತಿಹಾಸ, ಅರ್ಥಶಾಸ್ತ್ರ ಚೆನ್ನಾಗಿ ನಡಿಯುತ್ತೆ. ಗಣಿತದಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಬರೀತಾ "ಇದು ಹಿಂಗೆ ಇಲ್ಲಿಗೆ ಬರುತ್ತೆ, ಇದು ಹೋಗುತ್ತೆ" ಅಂದ್ರೆ ಯಾವುದು ಬಂತು ಯಾವುದು ಹೋಯ್ತು? ಅಂಥದ್ದಕ್ಕೆ ನನ್ ತಂಗಿ ರೀತಿನೇ ಸರಿ, ಮೇಜು, ಸ್ಕ್ರೀನು, ಪೆನ್ನು. ಒಂದ್ಸಲ ನೋಡಿ ಅರ್ಥ ಮಾಡ್ಕೊಂಡ ಪಾಠವನ್ನ ಮತ್ತೆ ಮೆಲುಕು ಹಾಕೋಕೆ ನನ್ ರೀತಿ.

ಕಿವಿ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರೋ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಪರೀಕ್ಷೆ ಹತ್ರ ಬಂದಾಗ ಗಂಟೆ ಏರೋದು ಸಹಜ, ವಾಲ್ಯೂಮ್ ಆದ್ರೂ ಇಳಿಸಿ. ಕೇಳೋಕೆ ಕಷ್ಟ ಆದ್ರೆ ವಾಲ್ಯೂಮ್ ಏರಿಸೋ ಬದಲು ಸ್ಪೀಡ್ ಇಳಿಸಿ ನೋಡಿ, ತುಂಬಾ ಸಲ ತೊಂದ್ರೆ ಅಲ್ಲೇ ಇರುತ್ತೆ.

ತಗೊಳ್ಳೋ ಮೊದಲು ಪರೀಕ್ಷೆ ಮಾಡೋದು ಸುಲಭ. ಒಂದು ಗಂಟೆಯ ಫೈಲ್ ಹಾಕಿ, ಮಧ್ಯಕ್ಕೆ ಹೋಗಿ ನಿಲ್ಸಿ, ಬೇರೆ ಫೈಲ್ ಒಂದು ನಿಮಿಷ ಕೇಳಿ, ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡಿ ಮೊದಲನೇ ಫೈಲಿಗೆ ವಾಪಸ್ ಬನ್ನಿ. ಮಧ್ಯದಿಂದ ಶುರು ಆದ್ರೆ ದುಡ್ಡು ಕೊಡಿ. ಸೊನ್ನೆಯಿಂದ ಶುರು ಆದ್ರೆ ಸೌಂಡ್ ಎಷ್ಟೇ ಚೆನ್ನಾಗಿರ್ಲಿ, ಅಲ್ಲೇ ಇಟ್ಟು ಬನ್ನಿ.