ಮೆಟ್ಟಿಲ ಕೆಳಗಿನ ಕಾರ್ಖಾನೆ

ಆನ್‌ಲೈನಲ್ಲಿ ಸಿಗುವ ‘108 ಪೀಸ್ ಟೂಲ್ ಕಿಟ್’ ಬಿಡಿಸಿ ಒಮ್ಮೆ ಎಣಿಸಿ ನೋಡಿ. ಸುತ್ತಿಗೆ ಒಂದು, ಇಕ್ಕಳ ಒಂದು, ಅಳತೆ ಟೇಪು ಒಂದು, ಸ್ಕ್ರೂಡ್ರೈವರ್ ಒಂದೆರಡು. ಹತ್ತು ಹನ್ನೆರಡಕ್ಕೆ ಬರುವಷ್ಟರಲ್ಲಿ ಕೈಯಲ್ಲಿ ಹಿಡಿಯುವಂಥದ್ದೆಲ್ಲ ಮುಗಿದಿರುತ್ತದೆ. ಮಿಕ್ಕಿದ್ದೆಲ್ಲ ಮೊಳೆ, ಸ್ಕ್ರೂ, ಗೋಡೆಗೆ ತುರುಕುವ ಪ್ಲಾಸ್ಟಿಕ್ ಪ್ಲಗ್ಗು. ಒಂದೊಂದು ಮೊಳೆಯೂ ಒಂದೊಂದು ಪೀಸು! ಅಷ್ಟೋತ್ತರದ ಹಾಗೆ, ದೇವರು ಒಬ್ಬನೇ, ಹೆಸರು ಮಾತ್ರ ನೂರೆಂಟು.

ಈ ನೂರೆಂಟು ನಮ್ಮ ಮನೆಗೆ ಬಂದದ್ದು ನನ್ನ ಹುಟ್ಟುಹಬ್ಬಕ್ಕೆ. ಈ ಸಲ ಸೀರೆ ಬೇಡ, ಮರಗೆಲಸದ ಸಾಮಾನು ಕೊಡಿಸಿ ಅಂದಿದ್ದೆ. ನಮ್ಮವರು ಖುಷಿಯಾಗಿಬಿಟ್ಟರು. ಸೀರೆಯೇ ಅಗ್ಗವಾಗುತ್ತಿತ್ತು ಅನ್ನುವುದು ಅವರಿಗೆ ತಿಳಿದದ್ದು ಆಮೇಲೆ. ವರ್ಕ್‌ಶಾಪಿಗೆ ಜಾಗ ಸಿಕ್ಕಿದ್ದು ಮೆಟ್ಟಿಲ ಕೆಳಗೆ, ಸ್ಕೂಟರ್ ನಿಲ್ಲಿಸುತ್ತಿದ್ದಲ್ಲಿ. ಸ್ಕೂಟರ್ ಈಗ ಮಳೆಯಲ್ಲಿ ನೆನೆಯುತ್ತದೆ. ಒಳಗೆ ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ. ಹಾಗಾಗಿ ಇಲ್ಲಿ ಯಾರೇ ಬಂದರೂ ವಿನಯದಿಂದ ತಲೆ ಬಗ್ಗಿಸಲೇಬೇಕು. ಬೆಂಚು ಅಂದರೆ ಮಗ ಎಸ್ಸೆಸ್ಸೆಲ್ಸಿಗೆ ಓದಿದ ಮೇಜು. ಅದರ ಮೇಲೆ ಅವನು ಕೈವಾರದಲ್ಲಿ ಗೀಚಿದ ಪೈಥಾಗೊರಸ್ ಪ್ರಮೇಯ ಇನ್ನೂ ಇದೆ.

ಕಿಟ್ಟಿನ ಸ್ಕ್ರೂಡ್ರೈವರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ತುದಿಯಲ್ಲಿದ್ದ ಪ್ಲಸ್ಸು, ಮೊದಲ ಗಟ್ಟಿ ಸ್ಕ್ರೂ ಸಿಕ್ಕ ಕೂಡಲೇ ಸವೆದು ಸೊನ್ನೆಯಾಯಿತು. ಹೋಗುವಾಗ ಸ್ಕ್ರೂವಿನ ಪ್ಲಸ್ಸನ್ನೂ ಜೊತೆಗೇ ಕರೆದುಕೊಂಡು ಹೋಯಿತು.

ಟೇಪಿನ ಕಥೆ ಬೇರೆ. ಅದರ ತುದಿಯ ಕೊಕ್ಕೆ ಹಿಂದೆ ಮುಂದೆ ಅಲ್ಲಾಡುತ್ತಿತ್ತು. ‘ನೋಡು, ಡಿಫೆಕ್ಟು. ರಿಟರ್ನ್ ಹಾಕೋದು ಬೇಡ, ನಾನೇ ಸರಿಮಾಡ್ತೀನಿ’ ಅಂತ ನಮ್ಮವರು ಅದರ ರಿವೆಟ್ಟಿಗೆ ಸುತ್ತಿಗೆಯಿಂದ ನಾಲ್ಕು ಕೊಟ್ಟು ಬಿಗಿ ಮಾಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಪೆಟ್ಟಿಗೆಯ ಒಳಗಿನ ಅಳತೆ ತೆಗೆದಾಗೆಲ್ಲ ಹಲಗೆ ಗಿಡ್ಡವಾಗುತ್ತಿತ್ತು. ಮಳೆಗೆ ಉಬ್ಬಿದ ಬಚ್ಚಲುಮನೆ ಬಾಗಿಲು ಕೀಸಲು ಬಂದಿದ್ದ ಆಚಾರ್ರು ಟೇಪನ್ನು ಎಳೆದು ನೋಡಿ, ‘ಯಾರಮ್ಮಾ ಇದನ್ನ ಕೊಂದಿದ್ದು?’ ಅಂದರು. ಆ ಕೊಕ್ಕೆ ಅಲ್ಲಾಡಲೇಬೇಕಂತೆ. ಅದರ ದಪ್ಪ ಎಷ್ಟೋ ಅಷ್ಟೇ ಅಲ್ಲಾಡಬೇಕು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಮುಂದೆ ಬರುತ್ತದೆ, ಗೋಡೆಗೆ ಒತ್ತಿದಾಗ ಹಿಂದೆ ಹೋಗುತ್ತದೆ. ಆಗ ಎರಡೂ ಕಡೆ ಅಳತೆ ಸರಿ ಬರುತ್ತದೆ. ನಮ್ಮವರು ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಆಚಾರ್ರ ಅಳತೆಯೇ ಇನ್ನೊಂದು ಲೋಕ. ಅವರದು ಇಂಚು, ಸೂತ. ಎಂಟು ಸೂತಕ್ಕೆ ಒಂದು ಇಂಚು. ನಮ್ಮವರು ಅಕೌಂಟ್ಸಿನವರು, ಅವರದು ಮಿಲಿಮೀಟರು ಮತ್ತು ಎಕ್ಸೆಲ್. ಶೂ ರ‍್ಯಾಕಿಗೆಂದು ಅವರು ಒಂದು ಶೀಟು ತಯಾರಿಸಿಕೊಟ್ಟರು. ಎಂಟಡಿ ಪ್ಲೈವುಡ್ ಅಂದರೆ 2440 ಮಿಲಿಮೀಟರ್. ನಾಲ್ಕರಿಂದ ಭಾಗಿಸಿದರೆ 610. ನಾಲ್ಕು ಹಲಗೆ, ಒಂದು ಚೂರೂ ವೇಸ್ಟಿಲ್ಲ! ಪ್ಲೈವುಡ್ ಅಂಗಡಿಯಲ್ಲಿ ಒಂದೊಂದು ಕುಯ್ತಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಂಡು ಮೆಷಿನ್ನಿನಲ್ಲಿ ಕುಯ್ದುಕೊಡುತ್ತಾರೆ. ಕುಯ್ದರು. ಮೂರು ಹಲಗೆ ಸರಿಯಿತ್ತು, ನಾಲ್ಕನೆಯದು ಒಂಬತ್ತು ಮಿಲಿಮೀಟರ್ ಕಡಿಮೆ. ಮೋಸ ಅಂತ ನಮ್ಮವರು ಜಗಳಕ್ಕೆ ನಿಂತರು. ಅಂಗಡಿಯ ಹುಡುಗ ನೆಲದ ಮೇಲಿದ್ದ ಮರದ ಪುಡಿಯನ್ನು ಕಾಲಲ್ಲಿ ತೋರಿಸಿ, ‘ನಿಮ್ಮ ಒಂಬತ್ತು ಅಲ್ಲಿದೆ ಸಾರ್’ ಅಂದ. ಬ್ಲೇಡಿನ ದಪ್ಪ ಮೂರು ಮಿಲಿಮೀಟರ್, ಕುಯ್ದದ್ದು ಮೂರು ಸಲ. ಬ್ಲೇಡಿನ ಪಾಲಿಗೆ ಎಕ್ಸೆಲ್‌ನಲ್ಲಿ ಕಾಲಮ್ಮೇ ಇರಲಿಲ್ಲ. ‘ಒಂದೆರಡು ಸೂತ ಅಡ್ಜಸ್ಟ್ ಆಗುತ್ತೆ ಬಿಡಿ’ ಅಂತ ಹುಡುಗನೇ ಸಮಾಧಾನ ಮಾಡಿ ಕಳಿಸಿದ.

ಮನೆಯಲ್ಲೇ ಪ್ಲೈವುಡ್ ಕುಯ್ಯುವವರೂ ಇದ್ದಾರೆ. ಬೆಂಗಳೂರಿನಲ್ಲಿ ಇಂಟೀರಿಯರ್ ಕೆಲಸ ನಡೆಯುವ ಯಾವ ಮನೆಗೆ ಹೋದರೂ ಮಾರ್ಬಲ್ ಕಟರಿನದೇ ಕೂಗು. ಅಮೃತಶಿಲೆ ಕುಯ್ಯಲು ಹುಟ್ಟಿದ ಮೆಷಿನ್ನಿಗೆ ಮರದ ಬ್ಲೇಡು ಹಾಕಿಕೊಂಡಿರುತ್ತಾರೆ. ಬೆಲೆ ಕಡಿಮೆ, ಕೈಗೆ ಹಗುರ, 18 ಮಿಲಿಮೀಟರ್ ಪ್ಲೈವುಡ್ಡನ್ನು ಬೆಣ್ಣೆ ತೆಗೆದಂತೆ ತೆಗೆಯುತ್ತದೆ. ಆದರೆ ನಿಮಿಷಕ್ಕೆ ಹನ್ನೆರಡು ಹದಿಮೂರು ಸಾವಿರ ಸುತ್ತು ತಿರುಗುತ್ತದೆ. ಮರ ಕುಯ್ಯಲೆಂದೇ ಮಾಡಿದ ಸರ್ಕ್ಯುಲರ್ ಸಾ ಅದರ ಅರ್ಧದಷ್ಟೂ ಓಡುವುದಿಲ್ಲ. ಹಲಗೆ ನಡುವೆ ಜಗ್ಗಿ ಬ್ಲೇಡನ್ನು ಕಚ್ಚಿಕೊಂಡರೆ ಮೆಷಿನ್ನು ನಮ್ಮ ಕಡೆಗೇ ನೆಗೆಯುತ್ತದೆ. ಬ್ಲೇಡಿನ ಮೇಲೆ ಎಷ್ಟು ವೇಗ ತಡೆಯುತ್ತದೆ ಅಂತ ಬರೆದಿರುತ್ತಾರೆ, ಅದು ಮೆಷಿನ್ನಿನ ವೇಗಕ್ಕಿಂತ ಹೆಚ್ಚಿರಬೇಕು. ಅದನ್ನು ಓದುವವರು ಎಷ್ಟು ಜನ? ಇನ್ನು ಕಬ್ಬಿಣ ಉಜ್ಜಲು ಮಾಡಿದ ಆಂಗಲ್ ಗ್ರೈಂಡರಿಗೆ ಮರ ಕುಯ್ಯುವ ಹಲ್ಲಿನ ಬ್ಲೇಡು ಹಾಕುವವರನ್ನು ಕಂಡರೆ ನಾನು ಮಾತೇ ಆಡುವುದಿಲ್ಲ. ಬೆರಳುಗಳನ್ನು ಪೂರ್ತಿ ಸೆಟ್ಟಾಗಿ ಇಟ್ಟುಕೊಳ್ಳುವ ಆಸೆ ನನಗಿದೆ. ಆದ್ದರಿಂದ ದೊಡ್ಡ ಕುಯ್ತವೆಲ್ಲ ಅಂಗಡಿಯಲ್ಲೇ.

ಡ್ರಿಲ್ಲು ಮಾತ್ರ ತಗೊಂಡೆ. ಅತ್ತೆಗೆ ಭಯ. ‘ಗ್ಲೌಸ್ ಹಾಕ್ಕೊಳ್ಳೇ’ ಅಂತ ಅಡುಗೆಮನೆಯಿಂದಲೇ ಕೂಗುತ್ತಿದ್ದರು. ತಿರುಗುವ ಮೆಷಿನ್ನಿನ ಹತ್ತಿರ ಗ್ಲೌಸ್ ಹಾಕಲೇಬಾರದು, ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ ಅಂತ ವಿವರಿಸಿದೆ. ಹಾಗಾದರೆ ದುಪಟ್ಟಾ ತೆಗೆದಿಡು, ಜಡೆ ಕಟ್ಟು, ಕನ್ನಡಕ ಹಾಕು ಅಂದರು. ಮೂರೂ ಸರಿಯಾದ ಮಾತೇ. ಕೊರೊನಾ ಕಾಲದಲ್ಲಿ ಉಳಿದಿದ್ದ ಎನ್95 ಮಾಸ್ಕೂ ಹೊರಗೆ ಬಂತು. ಇಷ್ಟೆಲ್ಲ ಅಲಂಕಾರವಾದ ಮೇಲೆ ನಮ್ಮವರು ‘ಒಂದು ತೂತು ನಾನು ಹಾಕ್ತೀನಿ’ ಅಂತ ಡ್ರಿಲ್ಲು ಕಸಿದುಕೊಂಡರು. ಒತ್ತಿದರು. ಇನ್ನೂ ಒತ್ತಿದರು. ಹೊಗೆ ಬಂತು, ತೂತು ಬರಲಿಲ್ಲ. ಮರ ಬಹಳ ಗಟ್ಟಿ, ಇದು ತೇಗವೇ ಇರಬೇಕು ಅಂತ ತೀರ್ಪು ಕೊಟ್ಟರು. ಡ್ರಿಲ್ಲು ರಿವರ್ಸಿನಲ್ಲಿತ್ತು.

ಆ ಮರ ತೇಗವಂತೂ ಅಲ್ಲ. ಪೀಣ್ಯದ ಕಾರ್ಖಾನೆಗಳ ಕಡೆಯಿಂದ ಗುಜರಿಗೆ ಬರುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ. ಕಲಿಯುವವರಿಗೆ ಇದಕ್ಕಿಂತ ಅಗ್ಗದ್ದು ಬೇರೆ ಇಲ್ಲ. ಆದರೆ ಮೇಲಿನ ಮುದ್ರೆ ನೋಡಿಕೊಳ್ಳಬೇಕು. ‘ಎಚ್‌ಟಿ’ ಅಂತಿದ್ದರೆ ಹುಳ ಸಾಯಲೆಂದು ಬಿಸಿ ಮಾಡಿದ ಮರ. ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು, ಮನೆಗೆ ಬೇಡ. ಗುಜರಿಯವರಿಗೆ ನನ್ನ ಈ ಓದು ಬಹಳ ತಮಾಷೆ. ‘ಮೇಡಂ ಬಂದ್ರು, ಜಾತಕ ನೋಡ್ತಾರೆ’ ಅನ್ನುತ್ತಾರೆ. ಮುರಿದ ಮೊಳೆ ಒಳಗೇ ಅಡಗಿರುತ್ತದೆ, ಅದು ಮಾತ್ರ ಯಾವ ಮುದ್ರೆಯಲ್ಲೂ ಕಾಣುವುದಿಲ್ಲ. ಮರ ಹೆರೆಯುವ ಹೊಸ ತೋಪಡದ ಬ್ಲೇಡು ಮುಕ್ಕಾದಾಗ ಕಾಣುತ್ತದೆ.

ಉಳಿಯ ವಿಷಯಕ್ಕೆ ಬರುತ್ತೇನೆ, ನನ್ನ ಹಣದ ಲೆಕ್ಕಾಚಾರವೆಲ್ಲ ನಿಂತಿರುವುದು ಅದರ ಮೇಲೆ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಉಳಿ ಕೇಳಿದಾಗ ಕೌಂಟರಿನವರು, ‘ಯಾವ ಸೈಜು ಅಂತ ಸಾರ್ ಹೇಳಿ ಕಳಿಸಿದ್ದಾರಾ ಮೇಡಂ?’ ಅಂದರು. ಸಾರ್ ಆಗ ಹೊರಗೆ ಸ್ಕೂಟರ್ ಕಾಯುತ್ತಿದ್ದರು. ಅರ್ಧ ಇಂಚು, ಮುಕ್ಕಾಲು ಇಂಚು ಎರಡು ತಗೊಂಡೆ. ಅಗ್ಗದ ಉಳಿ ಅಂಗಡಿಯಿಂದ ಬರುವಾಗ ಉಳಿಯಾಗಿರುವುದಿಲ್ಲ, ಉಳಿಯ ಆಕಾರದ ಕಬ್ಬಿಣ ಅಷ್ಟೇ. ಬೆಣ್ಣೆಯನ್ನೂ ಅದು ಕೇಳಿಕೊಂಡು ಕುಯ್ಯಬೇಕು. ಮಾಡಿದವರು ಅರ್ಧ ಕೆಲಸಕ್ಕೆ ನಿಲ್ಲಿಸಿ, ಮಿಕ್ಕರ್ಧವನ್ನು ನಮಗೆ ಬಿಟ್ಟಿರುತ್ತಾರೆ. ಕಡಿಮೆ ಬೆಲೆಯ ಗುಟ್ಟೇ ಅದು.

ಮಿಕ್ಕರ್ಧ ಅಂದರೆ ಸಾಣೆ. ಒಡೆದ ಟೀಪಾಯಿಯ ದಪ್ಪ ಗಾಜಿತ್ತು. ಅದರ ಮೇಲೆ ನೀರಿಗೆ ತಡೆಯುವ ಸ್ಯಾಂಡ್ ಪೇಪರ್ ಹಾಸಿದೆ. ಮೊದಲು 400 ನಂಬರಿನದು, ಆಮೇಲೆ ಇನ್ನೂ ನಯವಾದ 800, 1200, ಕೊನೆಗೆ 2000. ಎಲ್ಲರೂ ಇಳಿಜಾರಿನ ಕಡೆಯನ್ನೇ ತಿಕ್ಕುತ್ತಾರೆ. ಮೊದಲು ನಯವಾಗಬೇಕಾದ್ದು ಚಪ್ಪಟೆ ಬೆನ್ನು. ಅದು ತುದಿಯವರೆಗೂ ಕನ್ನಡಿಯ ಹಾಗೆ ಹೊಳೆದ ಮೇಲೆ ಇಳಿಜಾರಿನ ಕಡೆ, 25ರಿಂದ 30 ಡಿಗ್ರಿ ಕೋನದಲ್ಲಿ. ಬೆನ್ನು ನೋಯುತ್ತದೆ, ನನ್ನದು. ನಾನು ಹರಿತ ನೋಡಲು ಮೊಣಕೈ ಕೆಳಗಿನ ಕೂದಲು ಹೆರೆಯುತ್ತಿದ್ದುದನ್ನು ಅತ್ತೆ ನೋಡಿ, ಮಗನಿಗೆ ಫೋನು ಮಾಡಿ ‘ನಿಮ್ಮಮ್ಮನಿಗೆ ಏನೋ ಆಗಿದೆ’ ಅಂದರು.

ಮಾರನೆಯ ದಿನ ಅವರೇ ಈಳಿಗೆ ಮಣೆ ತಂದಿಟ್ಟರು. ವರ್ಷಗಟ್ಟಲೆ ಮೊಂಡು ಈಳಿಗೆಯ ಮೇಲೆ ಭಾರ ಹಾಕಿ ಹೆಚ್ಚಿ ರೂಢಿ. ಸಾಣೆಯಾದ ಮೇಲೂ ಅದೇ ಭಾರ ಹಾಕಿದರು. ಕುಂಬಳಕಾಯಿ, ಮತ್ತು ಸ್ವಲ್ಪ ಹೆಬ್ಬೆರಳು. ಬ್ಯಾಂಡೇಜು ಕಟ್ಟಿದ ಬೆರಳನ್ನೇ ಜಾಹೀರಾತು ಮಾಡಿಕೊಂಡು ಬೀದಿಯಲ್ಲೆಲ್ಲ ನನ್ನ ಸಾಣೆಯನ್ನು ಹೊಗಳಿದರು. ಈಗ ಭಾನುವಾರ ಬೆಳಿಗ್ಗೆ ಚಾಕು, ಕತ್ತರಿ, ಈಳಿಗೆ ಹಿಡಿದ ಹೆಂಗಸರು ಗೇಟಿನ ಹತ್ತಿರ ನಿಂತಿರುತ್ತಾರೆ. ಹೊಸದಾಗಿ ಬಂದ ಬಾಡಿಗೆಯವರು ನೋಡಿ ಒಳಗೆ ಓಡಿದರಂತೆ.

ಹಾಗಾಗಿ ನನ್ನ ನಿಯಮ ಇಷ್ಟು: ಬಾಯಿ, ಅಂದರೆ ಹರಿತದ ಅಂಚು, ಇಲ್ಲದ ಸಾಮಾನಿಗೆ ಎಷ್ಟು ಜಿಪುಣತನ ಮಾಡಿದರೂ ನಡೆಯುತ್ತದೆ. ಸುತ್ತಿಗೆ, ಕೊಡತಿ ಯಾವುದಾದರೂ ಸರಿ. ಬಾಯಿ ಇರುವ ಸಾಮಾನಿಗೆ ದುಡ್ಡನ್ನಾದರೂ ಕೊಡಬೇಕು, ತೋಳನ್ನಾದರೂ ಕೊಡಬೇಕು. ಗುಜರಿಯಲ್ಲಿ ತುಕ್ಕು ಹಿಡಿದ ಹಳೇ ಉಳಿ ಸಿಕ್ಕರೆ ಬಿಡಬಾರದು. ಎಷ್ಟೋ ಸಲ ಅದರ ಉಕ್ಕು ಹೊಸದಕ್ಕಿಂತ ಚೆನ್ನಾಗಿರುತ್ತದೆ. ಬೆನ್ನಿನ ತುದಿಯಲ್ಲಿ ತುಕ್ಕು ಗುಳಿ ಬೀಳಿಸಿದ್ದರೆ ಮಾತ್ರ ಬೇಡ. ಕ್ಲಾಂಪಿಗೆ ನಾನು ದುಡ್ಡೇ ಹಾಕಿಲ್ಲ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿದರೆ ಅಂಟು ಒಣಗುವವರೆಗೂ ಹಿಡಿದುಕೊಳ್ಳುತ್ತದೆ. ದೊಡ್ಡ ಹಲಗೆಗೆ ರುಬ್ಬುಗುಂಡು. ಒಮ್ಮೆ ಅತ್ತೆಗೆ ಗೊತ್ತಿಲ್ಲದೆ ಇಟ್ಟಿದ್ದೆ. ಮಿಕ್ಸಿ ಕೆಟ್ಟ ದಿನವೇ ಅವರಿಗೆ ಅದು ಬೇಕಾಗಬೇಕಾ! ಫೆವಿಕಾಲ್ ಅಂಟಿದ ಗುಂಡನ್ನು ತೊಳೆಯುವುದರಲ್ಲಿ ಇಡ್ಲಿಯ ದಿನ ಉಪ್ಪಿಟ್ಟಾಯಿತು.

ಅಳತೆಯ ಸಾಮಾನಿನಲ್ಲಿ ಅಗ್ಗದ್ದನ್ನೂ ತಗೋಬಹುದು, ಪರೀಕ್ಷೆ ಮಾಡಿ. ಮೂಲೆ ಸರಿಯಾಗಿ 90 ಡಿಗ್ರಿ ಇದೆಯಾ ಅಂತ ನೋಡುವ ಮೂಲೆಮಟ್ಟ ಕೊಳ್ಳುವಾಗ ಪೆನ್ಸಿಲ್ ಹಿಡಿದೇ ಹೋಗುತ್ತೇನೆ. ನೆಟ್ಟಗಿನ ಅಂಚಿರುವ ಹಲಗೆಗೆ ಮೂಲೆಮಟ್ಟ ಒತ್ತಿ ಒಂದು ಗೆರೆ. ಆಮೇಲೆ ಅದನ್ನು ಮಗುಚಿ, ಅದೇ ಜಾಗದಲ್ಲಿ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತರೆ ಸರಿ. ಬಾಯಿ ಬಿಟ್ಟುಕೊಂಡರೆ ಸೊಟ್ಟ. ತಪ್ಪು ಎಷ್ಟಿದೆಯೋ ಅದರ ಎರಡರಷ್ಟು ಕಾಣುವುದರಿಂದ ಅಂಗಡಿಯವರು ವಾದಿಸುವುದಕ್ಕೂ ಆಗುವುದಿಲ್ಲ. ಅವರ ಹಲಗೆಯ ಮೇಲೆ ಗೆರೆಗಳು ಜಾಸ್ತಿಯಾದಾಗ, ‘ಮೇಡಂ, ದೇವ್ರಾಣೆ ಇದು ಸರಿ ಇದೆ, ತಗೊಂಡ್ ಹೋಗಿ’ ಅಂತ ಕೈ ಮುಗಿದರು. ಅದೂ ಸರಿ ಇರಲಿಲ್ಲ. ಅದರ ಪಕ್ಕದಲ್ಲಿದ್ದದ್ದು ಸರಿಯಿತ್ತು.

ಶೂ ರ‍್ಯಾಕ್ ಕೊನೆಗೂ ಎದ್ದು ನಿಂತಿತು. ಗೋಡೆಗೆ ಒತ್ತಿ ಇಟ್ಟರೆ ಮೇಲ್ಗಡೆ ಬೆರಳು ತೂರುವಷ್ಟು ಸಂದು. ‘ಸೊಟ್ಟ ಮಾಡಿದೀಯ’ ಅಂದರು ಅತ್ತೆ. ಮೂಲೆಮಟ್ಟ ತಂದು ರ‍್ಯಾಕಿಗೆ ಹಿಡಿದು ತೋರಿಸಿದೆ, ಸರಿಯಿತ್ತು. ಗೋಡೆ ನೆಟ್ಟಗಿದೆಯಾ ನೋಡಲು ರಸಮಟ್ಟವನ್ನು ಅದಕ್ಕೆ ಹಿಡಿದೆ, ಒಳಗಿನ ಗುಳ್ಳೆ ಮೂಲೆಗೆ ಓಡಿತು. ಅತ್ತೆ ಎರಡನ್ನೂ ನನ್ನ ಕೈಯಿಂದ ತಗೊಂಡು ಒಳಗೆ ಹೋದರು. ಸಂಜೆಯೊಳಗೆ ಅಡುಗೆಮನೆ ಕಟ್ಟೆ, ದೇವರಮನೆ ಬಾಗಿಲು, ಕಿಟಕಿ ಎಲ್ಲ ನೋಡಿ ಮುಗಿಸಿದ್ದರು. ಹಾಲಿನ ಮೂಲೆಗೆ ಮೂಲೆಮಟ್ಟ ಸಾಲದು ಅಂತ ಮೊಮ್ಮಗನ ಮೇಜಿನ ಪ್ರಮೇಯದಂತೆ ಒಂದು ಗೋಡೆಯಲ್ಲಿ ಮೂರಡಿ, ಇನ್ನೊಂದರಲ್ಲಿ ನಾಲ್ಕಡಿ ಗುರುತು ಹಾಕಿ, ನಡುವೆ ಐದಡಿ ಬರುತ್ತದಾ ಅಂತ ಟೇಪು ಹಿಡಿಸಿದರು. ಐದಡಿ ಎರಡಿಂಚು ಬಂತು. ಇಷ್ಟು ವರ್ಷ ಸೊಟ್ಟ ಮನೆಯಲ್ಲಿ ಬದುಕಿದ್ದೀನಲ್ಲಾ ಅಂತ ಅವರ ಗೋಳು.

ಮನೆ ಕಟ್ಟಿದ ಮೇಸ್ತ್ರಿ ಟೆರೇಸಿನ ಸೋರಿಕೆ ನೋಡಲು ಮುಂದಿನ ವಾರ ಬರುತ್ತಾರಂತೆ. ನನಗೆ ಇನ್ನೊಂದು ಮೂಲೆಮಟ್ಟ ಕೊಳ್ಳಬೇಕಾಗಿದೆ. ಇರುವುದನ್ನು ಅತ್ತೆ ಟೀವಿ ರಿಮೋಟಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ.